ನಮ್ಮ ಸಿಬ್ಬಂದಿಯನ್ನೇ ನಂಬಬಾರದಾ?

ಪ್ರಶ್ನೆ: ನಾನು ಸರ್ಕಾರಿ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ‘ಜೀರೋ ಟ್ರಸ್ಟ್’ ತರಬೇಕು ಎಂಬ ಮಾತು ಶುರುವಾಗಿದೆ. ಹೊರಗಿನವರನ್ನು ತಡೆಯುವ ಫೈರ್‌ವಾಲ್, ಹೊರಗಿನಿಂದ ಸುರಕ್ಷಿತವಾಗಿ ಒಳಬರಲು ವಿಪಿಎನ್ ಎರಡೂ ಇವೆ, ಇದೂ ಬೇಕಾ? ‘ನಮ್ಮನ್ನೇ ನಂಬಲ್ವಾ’ ಎಂದು ಸಿಬ್ಬಂದಿಗೆ ಬೇಸರ. ನನ್ನ ಹೆಂಡತಿ ವಿದ್ಯುತ್ ಸಬ್‌ಸ್ಟೇಷನ್‌ನಲ್ಲಿ ಎಂಜಿನಿಯರ್. ಅಲ್ಲಿನ ಹಳೇ ಉಪಕರಣಗಳಿಗೂ ಇದು ಆಗುತ್ತದಾ?

ಉತ್ತರ: ಮೊದಲು ಸಿಬ್ಬಂದಿಯ ಬೇಸರ ಹೋಗಬೇಕು. ಇಲ್ಲಿ ಅನುಮಾನ ಅವರ ಮೇಲಲ್ಲ. ಅವರ ಪಾಸ್‌ವರ್ಡ್ ಕದ್ದು, ಅವರ ಹೆಸರಿನಲ್ಲಿ ಒಳಗೆ ಬರುವವರ ಮೇಲೆ. ಆಸ್ಪತ್ರೆಯ ನೆಟ್‌ವರ್ಕ್ ಒಳಗಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ಯಾರಿಗೂ ಯಾವುದನ್ನೂ ತೆರೆದು ಕೊಡಬಾರದು. ಜೀರೋ ಟ್ರಸ್ಟ್ ಅಂದರೆ ಮುಖ್ಯವಾಗಿ ಇಷ್ಟೇ.

2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನಲ್ಲಿ ಆಗಿದ್ದು ನೆನಪಿರಬಹುದು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಡೇಟಾ ಸೈಬರ್ ದಾಳಿಯಲ್ಲಿ ಎನ್‌ಕ್ರಿಪ್ಟ್ ಆಗಿ, ಅಂದರೆ ಯಾರೂ ತೆರೆಯಲಾಗದಂತೆ ಬೀಗ ಬಿದ್ದು ಕೂತಿತು. ಒಪಿಡಿ ಚೀಟಿ, ಲ್ಯಾಬ್ ವರದಿ, ಬಿಲ್ ಎಲ್ಲವನ್ನೂ ದಿನಗಟ್ಟಲೆ ಕೈಯಲ್ಲೇ ಬರೆಯಬೇಕಾಯಿತು. ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡದೇ ಇದ್ದದ್ದೇ ಕಾರಣ ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಬಿಲ್ ಕೌಂಟರಿನ ಕಂಪ್ಯೂಟರ್‌ನಿಂದ ಲ್ಯಾಬ್ ಸರ್ವರ್‌ಗೆ ನೇರ ದಾರಿ ಯಾಕಿರಬೇಕು ಹೇಳಿ? ನಿಮ್ಮಲ್ಲಿ ಇದೆಯಾ, ಇವತ್ತೇ ನೋಡಿ.

ಇನ್ನೊಂದು, ನರ್ಸ್‌ಗಳ ಮೇಜಿನ ಕಂಪ್ಯೂಟರ್. ಬೆಳಗಿನ ಪಾಳಿಯವರು ಲಾಗಿನ್ ಆದರೆ ರಾತ್ರಿ ಪಾಳಿಯವರೂ ಅದರಲ್ಲೇ ಕೆಲಸ ಮಾಡುತ್ತಾರೆ. ಪಾಸ್‌ವರ್ಡ್ ಚೀಟಿ ಮಾನಿಟರ್ ಅಂಚಿಗೇ ಅಂಟಿರುತ್ತದೆ. ಅವರನ್ನು ಬೈಯಬೇಡಿ. ರೋಗಿ ನರಳುತ್ತಿರುವಾಗ ಒಟಿಪಿಗಾಗಿ ಫೋನ್ ಹುಡುಕಲು ಯಾರಿಗೆ ಪುರುಸೊತ್ತು? ಐಡಿ ಕಾರ್ಡ್ ತಾಗಿಸಿ, ಪಿನ್ ಒತ್ತಿದರೆ ತೆರೆಯುವ ವ್ಯವಸ್ಥೆ ಕೊಡಿ. ಪ್ರತಿಯೊಬ್ಬರಿಗೂ ಅವರದ್ದೇ ಲಾಗಿನ್ ಇರಲಿ. ಐಸಿಯುಗೆ ಕಂಪ್ಯೂಟರ್ ಕೂಡಲೇ ತೆರೆಯುವ ಒಂದು ತುರ್ತು ದಾರಿಯೂ ಬೇಕೇ ಬೇಕು. ಅದನ್ನು ಬಳಸಿದ ಕೂಡಲೇ ನಿಮಗೆ ಸಂದೇಶ ಬರುವಂತಿದ್ದರೆ ಸಾಕು, ತಡೆಯಬೇಡಿ.

ಇನ್ನು ಸಬ್‌ಸ್ಟೇಷನ್. 2015ರ ಡಿಸೆಂಬರ್ 23ರಂದು ಉಕ್ರೇನ್‌ನ ವಿದ್ಯುತ್ ಕಂಪನಿಯೊಂದರ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ನೋಡುತ್ತಿದ್ದಂತೆ ಪರದೆಯ ಮೇಲೆ ಮೌಸ್ ತನ್ನಷ್ಟಕ್ಕೆ ಓಡಾಡಿತು. ಕರೆಂಟ್ ಹರಿವನ್ನು ಕಡಿಯುವ ಬ್ರೇಕರ್‌ಗಳು ಒಂದೊಂದಾಗಿ ತೆರೆದುಕೊಂಡವು. ಆ ದಿನ ಮೂರು ಕಂಪನಿಗಳ ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ದಾಳಿಕೋರರು ತಿಂಗಳುಗಳ ಹಿಂದೆಯೇ ಇಮೇಲ್ ಮೂಲಕ ಕಚೇರಿಯ ನೆಟ್‌ವರ್ಕ್‌ಗೆ ನುಗ್ಗಿದ್ದರು. ಅಲ್ಲಿ ಕದ್ದ ಪಾಸ್‌ವರ್ಡ್‌ಗಳಿಂದ ವಿಪಿಎನ್ ದಾಟಿ ಕಂಟ್ರೋಲ್ ವ್ಯವಸ್ಥೆಗೆ ಬಂದಿದ್ದರು. ಆ ವಿಪಿಎನ್‌ಗೆ ಒಟಿಪಿಯಂಥ ಎರಡನೇ ಹಂತದ ಪರಿಶೀಲನೆಯೇ ಇರಲಿಲ್ಲ. ನಿಮ್ಮ ‘ವಿಪಿಎನ್ ಇದೆಯಲ್ಲ’ ಎಂಬ ಮಾತಿಗೆ ನನ್ನ ಉತ್ತರ ಇದೇ.

ಸಬ್‌ಸ್ಟೇಷನ್‌ನ ಹಳೇ ಆರ್‌ಟಿಯು (ಕಂಟ್ರೋಲ್ ರೂಮಿನ ಆಜ್ಞೆಯನ್ನು ಉಪಕರಣಗಳಿಗೆ ತಲುಪಿಸುವ ಪೆಟ್ಟಿಗೆ), ರಿಲೇಗಳಿಗೆ (ದೋಷ ಕಂಡಾಗ ಬ್ರೇಕರ್ ತೆರೆಸುವ ಸಾಧನ) ಎದುರಿಗಿರುವವರು ಯಾರು ಎಂದು ಕೇಳಲು ಬರುವುದಿಲ್ಲ. ಆಸ್ಪತ್ರೆಯ ಹಳೇ ಸ್ಕ್ಯಾನಿಂಗ್ ಯಂತ್ರದ ಕಥೆಯೂ ಅದೇ. ಹಾಗಾಗಿ ಕೇಳುವ ಕೆಲಸವನ್ನು ಅವುಗಳ ಮುಂದೆ ಕೂರಿಸಿದ ಗೇಟ್‌ವೇ, ಅಂದರೆ ಕಾವಲು ಸಾಧನ ಮಾಡಬೇಕು. ಯಾವ ಕಂಪ್ಯೂಟರ್, ಯಾವ ಆಜ್ಞೆ, ಅಷ್ಟಕ್ಕೆ ಮಾತ್ರ ದಾರಿ. ಚಾಲೂ ಇರುವ ಉಪಕರಣಗಳ ಮೇಲೆ ನೆಟ್‌ವರ್ಕ್ ತಪಾಸಿಸುವ ಸ್ಕ್ಯಾನರ್ ಸಾಫ್ಟ್‌ವೇರ್ ಸುಮ್ನೆ ಓಡಿಸಬೇಡಿ, ಕೆಲವು ಅಷ್ಟಕ್ಕೇ ನಿಂತುಹೋಗುತ್ತವೆ.

ದುಡ್ಡಿಲ್ಲದೆ ಶುರು ಮಾಡಬೇಕೆಂದರೆ ಯಂತ್ರ ಮಾರಿದ ಕಂಪನಿಗಳಿಂದ ಮಾಡಿ. ರಿಪೇರಿಗೆಂದು ಯಾವತ್ತೋ ಕೊಟ್ಟ ರಿಮೋಟ್ ಲಾಗಿನ್‌ಗಳು ಇನ್ನೂ ತೆರೆದೇ ಇರುವುದು ಜಾಸ್ತಿ. ಪಟ್ಟಿ ಮಾಡಿ, ಎಲ್ಲವನ್ನೂ ಮುಚ್ಚಿ. ಅವರು ಫೋನ್ ಮಾಡಿ ಕೇಳಿದಾಗ ಆ ಕೆಲಸಕ್ಕೆ ಬೇಕಾದ ಒಂದೆರಡು ಗಂಟೆ ಮಾತ್ರ ತೆರೆದು ಕೊಡಿ.