ದೇವರ ಮೇಲೆ ಕೋಪ ಬಂದಿದೆ, ಮಕ್ಕಳಿಗೆ ಹೇಗೆ ಪಾಠ ಮಾಡಲಿ?

ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್ ಬಂದಾಗ ಇಡೀ ಸಭೆ ಉಪವಾಸವಿದ್ದು ಪ್ರಾರ್ಥಿಸಿತು. ವಾಸಿಯಾಗುತ್ತದೆ ಎಂದೇ ನಂಬಿದ್ದೆ. ಅಮ್ಮ ತೀರಿಹೋದರು. "ನಿಮ್ಮ ಮನೆಯಲ್ಲಿ ಯಾರಿಗೋ ಸಂಶಯ ಇದ್ದಿರಬೇಕು" ಎಂದು ಸಭೆಯ ಹಿರಿಯರೊಬ್ಬರು ಅಂದರು. ಅಂದಿನಿಂದ ಮೊಣಕಾಲೂರಿದರೆ ಪ್ರಾರ್ಥನೆ ಬರುವುದಿಲ್ಲ, ಕೋಪ ಬರುತ್ತದೆ. ನಾನು ಸಂಡೇ ಸ್ಕೂಲ್ ಟೀಚರ್. ಮೊನ್ನೆ ಒಂದು ಮಗು, "ಟೀಚರ್, ನಾವೆಲ್ಲ ಬೇಡಿಕೊಂಡ್ವಲ್ಲ, ದೇವರು ನಿಮ್ಮಮ್ಮನ್ನ ಯಾಕೆ ವಾಸಿ ಮಾಡ್ಲಿಲ್ಲ?" ಎಂದು ಕೇಳಿತು. "ದೇವರ ಚಿತ್ತ" ಎಂದು ಹೇಳಿ ಪುಟ ತಿರುಗಿಸಿದೆ. ಕಪಟಿಯಾಗಿಬಿಟ್ಟೆ ಅನ್ನಿಸುತ್ತಿದೆ. ಸಂಡೇ ಸ್ಕೂಲ್ ಬಿಟ್ಟುಬಿಡಲೇ? ನನ್ನ ವಿಶ್ವಾಸ ಸತ್ತೇಹೋಯಿತೇ?

ಪ್ರಿಯ ಸಹೋದರಿ,

ಮೊದಲು ಆ ಹಿರಿಯರ ಮಾತನ್ನು ನಿಮ್ಮ ತಲೆಯಿಂದ ತೆಗೆಯಬೇಕು, ಯಾಕೆಂದರೆ ಅದು ತಪ್ಪು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿ ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿಕೊಂಡರು. ತೊಲಗಲಿಲ್ಲ. ಅಪೊಸ್ತಲ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳನ್ನು, ಅಂದರೆ ಬಿಡದೆ ಕಾಡಿದ ಬಾಧೆಯನ್ನು, ತೆಗೆಯಬೇಕೆಂದು ಮೂರು ಸಾರಿ ಕೇಳಿಕೊಂಡ. ಕೃಪೆ ಸಿಕ್ಕಿತು, ಮುಳ್ಳು ಹೋಗಲಿಲ್ಲ. ಇವರಿಗೆ ನಂಬಿಕೆ ಸಾಲದೆ ಹೋಯಿತು ಎನ್ನಲು ಯಾರಿಗೆ ಧೈರ್ಯವಿದೆ? ತಾಯಿಯನ್ನು ಮಣ್ಣಿಗಿಟ್ಟು ಬಂದ ಮಗಳಿಗೆ ಮಾತ್ರ ಈ ಮಾತು ಸಲೀಸಾಗಿ ಹೇಳಿಬಿಡುತ್ತಾರೆ. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಇದೇ ಸಾಲು.

ಇನ್ನು ನಿಮ್ಮ ಕೋಪ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಯೋಬನ ಗ್ರಂಥವನ್ನು ಕಡೆಯ ಅಧ್ಯಾಯದಿಂದ ಓದಿ ನೋಡಿ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸಿದ್ದ, ದೇವರನ್ನು ವಾದಕ್ಕೆ ಕರೆದಿದ್ದ. ಅವನ ಸ್ನೇಹಿತರು ದೇವರ ಪರವಾಗಿಯೇ ಮಾತಾಡಿದ್ದರು: ನೀನು ಏನೋ ಪಾಪ ಮಾಡಿದ್ದಿ, ಅದಕ್ಕೇ ಹೀಗಾಯಿತು ಎಂದು. 42ನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾದದ್ದು ಆ ಸ್ನೇಹಿತರ ಮೇಲೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎಂದರು. ಅವರಿಗಾಗಿ ಪ್ರಾರ್ಥಿಸುವ ಕೆಲಸವನ್ನೂ ಅವನಿಗೇ ಒಪ್ಪಿಸಿದರು.

ಯೋಬ ದೇವರ ಮೇಲೆ ಕೂಗಾಡಿದರೂ ದೇವರಿಗೇ ಕೂಗಿದ. ನೀವೂ ಅದನ್ನೇ ಮಾಡುತ್ತಿದ್ದೀರಿ. ಮೊಣಕಾಲೂರಿದಾಗ ಕೋಪ ಬರುತ್ತದೆ ಎಂದು ಬರೆದಿದ್ದೀರಿ. ಅಂದರೆ ಇನ್ನೂ ಮೊಣಕಾಲೂರುತ್ತಿದ್ದೀರಿ. ವಿಶ್ವಾಸ ಸತ್ತವರು ಜಗಳಕ್ಕೂ ಬರುವುದಿಲ್ಲ. ಆ ಕೋಪವನ್ನೇ ಬಾಯಿಬಿಟ್ಟು ಹೇಳಿ. ಮಾತು ಹೊರಡದಿದ್ದರೆ 13ನೆಯ ಕೀರ್ತನೆಯನ್ನು ಎರವಲು ತೆಗೆದುಕೊಳ್ಳಿ, "ಎಷ್ಟರವರೆಗೆ?" ಎಂಬ ಪ್ರಶ್ನೆಯಿಂದಲೇ ಅದು ಶುರುವಾಗುತ್ತದೆ. ಅದರ ಕೊನೆಯ ಸ್ತೋತ್ರದ ಸಾಲು ನಾಲಿಗೆಗೆ ಬಾರದಿದ್ದರೆ 88ನೆಯದು ಇದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಮಾತೂ ಕೊನೆಯಲ್ಲಿಲ್ಲ. ಆದರೂ ಅದು ಸತ್ಯವೇದದಲ್ಲಿದೆ, ಶತಮಾನಗಳಿಂದ ಭಕ್ತರ ಬಾಯಲ್ಲಿ ಪ್ರಾರ್ಥನೆಯಾಗಿದೆ.

ಕಷ್ಟ ಬಂದಾಗ ಆನಂದಪಡಿರಿ ಎಂದು ಹೊಸ ಒಡಂಬಡಿಕೆಯ ಪತ್ರದಲ್ಲಿ ಯಾಕೋಬ ಬರೆದ ಮಾತನ್ನು ಯಾರಾದರೂ ನಿಮ್ಮ ಮುಂದೆ ಹಿಡಿಯಬಹುದು. ಅದೇ ವಾಕ್ಯದ ಮುಂದಿನ ಭಾಗವನ್ನೂ ಓದಿಸಿ: ನಂಬಿಕೆಯ ಪರಿಶೋಧನೆಯಿಂದ, ಅಂದರೆ ಪರೀಕ್ಷೆಯಿಂದ, ತಾಳ್ಮೆ ಹುಟ್ಟುತ್ತದೆ, ಆ ತಾಳ್ಮೆ ತನ್ನ ಕೆಲಸವನ್ನು ಪೂರ್ತಿಮಾಡಲಿ ಎಂದಿದೆ. ಕೆಲಸ ಪೂರ್ತಿಯಾಗಲು ಕಾಲ ಬೇಕು. ಇಂದೇ ನಗುಮುಖ ತೋರಿಸಿ ಎಂದು ಯಾಕೋಬ ಬರೆದಿಲ್ಲ. ಹೀಗೆ ನಿಮ್ಮ ನಂಬಿಕೆ ಬೆಳೆಯುವುದು ನಿಮ್ಮ ಕಣ್ಣಿಗೆ ಕಾಣಲಿಕ್ಕಿಲ್ಲ. ಮೊದಲು ಅಮ್ಮ ವಾಸಿಯಾಗುತ್ತಾರೆ ಎಂದು ನಂಬಿದ್ದಿರಿ. ಈಗ ಏನೂ ಕೊಡದಂತೆ ಕಾಣುವ ದೇವರ ಮುಂದೆ ಹೋಗಿ ಕೂರುತ್ತಿದ್ದೀರಿ. ಎರಡರಲ್ಲಿ ಯಾವುದು ಕಷ್ಟದ್ದು, ನೀವೇ ಹೇಳಿ.

ಊಟ, ನಿದ್ರೆ ಹೇಗಿದೆ ಎಂದು ನೀವು ಬರೆದಿಲ್ಲ. ಪ್ರವಾದಿ ಎಲೀಯನು ಸಾವನ್ನು ಬೇಡಿ ಮರದಡಿ ಮಲಗಿದಾಗ ದೇವದೂತ ಬೋಧನೆ ಮಾಡಲಿಲ್ಲ, ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ಉಣಿಸಿದ. ವಾರಗಟ್ಟಲೆ ನಿದ್ರೆ ಬರುತ್ತಿಲ್ಲವೆಂದರೆ, ಬದುಕೇ ಬೇಡವೆನ್ನಿಸುತ್ತಿದ್ದರೆ, ತಡಮಾಡದೆ ವೈದ್ಯರನ್ನು ಕಾಣಿ. ಅದು ಅವಿಶ್ವಾಸವಲ್ಲ.

ಸಂಡೇ ಸ್ಕೂಲ್ ವಿಷಯ. ನಾಚಿಕೆಯಿಂದ ಬಿಡಬೇಡಿ, ದಣಿವಿದ್ದರೆ ಕೆಲವು ತಿಂಗಳು ಬಿಡುವು ಕೇಳಿ. ಪಾಸ್ಟರ್ ಹತ್ತಿರ ಹೋಗಿ ನನಗೆ ಬರೆದದ್ದನ್ನೇ ಹೇಳಿ, ಹಿರಿಯರ ಮಾತನ್ನೂ ಸೇರಿಸಿ. ಅಂಥ ಮಾತನ್ನು ಇನ್ನೊಂದು ಸಾವಿನ ಮನೆಯಲ್ಲಿ ಆಡದಂತೆ ನೋಡಿಕೊಳ್ಳುವುದು ಅವರ ಹೊಣೆ. ಸಭೆಯಲ್ಲಿ ನಿಮ್ಮ ಜೊತೆ ಸುಮ್ಮನೆ ಕೂರಬಲ್ಲ ಒಬ್ಬರನ್ನು ಹುಡುಕಿಕೊಳ್ಳಿ. ನಿಮಗೆ ಬಾಯಿ ಬಾರದ ದಿನ ಅವರು ನಿಮ್ಮ ಪರವಾಗಿ ಪ್ರಾರ್ಥಿಸಲಿ.

ಬಿಡುವು ಬೇಡ, ಮಕ್ಕಳ ಜೊತೆಗೇ ಇರುತ್ತೇನೆ ಎನ್ನುವುದಾದರೆ, ಆ ಮಗುವನ್ನು ಮುಂದಿನ ಭಾನುವಾರ ಹತ್ತಿರ ಕೂರಿಸಿಕೊಂಡು ಹೀಗೆ ಹೇಳಿ: "ಅವತ್ತು ನೀನು ಒಳ್ಳೆ ಪ್ರಶ್ನೆ ಕೇಳಿದೆ ಮಗಾ. ದೇವರು ಯಾಕೆ ವಾಸಿ ಮಾಡ್ಲಿಲ್ಲ ಅಂತ ನನಗೂ ಗೊತ್ತಿಲ್ಲ. ನಾನೂ ದಿನಾ ಅವರನ್ನೇ ಕೇಳ್ತಾ ಇದ್ದೀನಿ."