ಕೋರ್ಟು ಕಟ್ಟೆ: ಸಂಚಾಲಕರ ಪದವಿ ಲೆಟರ್‌ಹೆಡ್ಡಿಗಲ್ಲ

ಪ್ರಶ್ನೆ: ಮೇಡಂ, ನಾನು ಪುಣೆಯ ಫ್ಯಾಮಿಲಿ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಮೂಲ ಊರು ವಿಜಯಪುರ. ನಾನು ಸದಸ್ಯೆಯಾಗಿರುವ ದೇಶಮಟ್ಟದ ವಕೀಲರ ಸಂಘದವರು ಕೌಟುಂಬಿಕ ಕಾನೂನು ವಿಭಾಗಕ್ಕೆ ಸಂಚಾಲಕಿಯಾಗಿ ಅಂತ ಕೇಳಿದ್ದಾರೆ. ನೀವು ಮುಂಬೈಯಲ್ಲಿ ಕೂತು ಅಂಥದ್ದೇ ವಿಭಾಗ ನಡೆಸಿದವರು. ನಿಜವಾಗಿ ಕೆಲಸ ಏನಿರುತ್ತದೆ? ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಕೊಳ್ಳಬಹುದಾ?

ಉತ್ತರ: ಕಾರ್ಡಿನ ವಿಷಯ ಮೊದಲು ಮುಗಿಸೋಣ. ಹಾಕಿಕೊಳ್ಳಬೇಡಿ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ಓದಿ. ವಕೀಲರ ಬೋರ್ಡು, ನೇಮ್‌ಪ್ಲೇಟು, ಲೆಟರ್‌ಹೆಡ್ಡುಗಳಲ್ಲಿ ಯಾವುದೇ ಸಂಘದ ಅಧ್ಯಕ್ಷರು, ಸದಸ್ಯರು ಅಂತ ತೋರಿಸಿಕೊಳ್ಳುವ ಹಾಗಿಲ್ಲ. ಇಂಥ ಕೆಲಸದಲ್ಲಿ ಪರಿಣತರು ಅಂತಲೂ ಬರೆದುಕೊಳ್ಳುವ ಹಾಗಿಲ್ಲ. ಕಾರ್ಡೂ ಇದೇ ಸಾಲಿಗೆ ಬರುತ್ತದೆ ಅಂತ ನಾನು ಹಿಡಿಯುತ್ತೇನೆ. 2008ರ ತಿದ್ದುಪಡಿಯ ನಂತರ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಸನದಿನ (ವಕೀಲಿಕೆಯ ಪರವಾನಗಿಯ) ನಂಬರು, ಓದು, ಯಾವ ಕ್ಷೇತ್ರದ ಕೆಲಸ ಅಂತ ಹಾಕಬಹುದು. ಅಷ್ಟೇ. ಇದನ್ನು ಮೊದಲ ಸಭೆಯಲ್ಲೇ ಎಲ್ಲರಿಗೂ ಹೇಳಿಬಿಡಿ. ಪದವಿಗೋಸ್ಕರ ಬಂದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾರೆ. ಉಳಿದವರ ಜೊತೆ ಕೆಲಸ ಮಾಡಬಹುದು.

ಈಗ ಕೆಲಸ. ಭಾಷಣ ಏರ್ಪಡಿಸುವುದೇ ವಿಭಾಗದ ಕೆಲಸ ಅಂತ ತುಂಬಾ ಜನ ತಿಳಿದಿರುತ್ತಾರೆ. ನಿವೃತ್ತ ನ್ಯಾಯಮೂರ್ತಿಗಳು, ಶಾಲು, ಹಾರ, ಫೋಟೋ. ಅದನ್ನು ಮುಖ್ಯ ಸಂಘ ಹೇಗೂ ಮಾಡುತ್ತದೆ, ಬಿಡಿ. ಒಂದೇ ಕಾನೂನು ಬೇರೆ ಬೇರೆ ಕೋರ್ಟಿನಲ್ಲಿ ಹೇಗೆ ನಡೆಯುತ್ತಿದೆ ಅನ್ನುವುದನ್ನು ಅಲ್ಲಲ್ಲಿನ ವಕೀಲರ ಬಾಯಿಂದ ಕೇಳಿ ಒಂದು ಕಡೆ ಬರೆದಿಡುವುದು ವಿಭಾಗಕ್ಕೆ ಮಾತ್ರ ಸಾಧ್ಯ. ಕಾನೂನು ಪುಸ್ತಕದಲ್ಲಿ ಇದು ಸಿಗುವುದಿಲ್ಲ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಜೀವನಾಂಶದ ಬಗ್ಗೆ ದೊಡ್ಡ ತೀರ್ಪು ಕೊಟ್ಟಿತಲ್ಲ, ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲ ಎಲ್ಲ ತಿಳಿಸಿ ಅಫಿಡವಿಟ್ ಹಾಕಬೇಕು ಅಂತ. ತೀರ್ಪಿನ ಜೊತೆ ಮೂರು ನಮೂನೆ ಇವೆ. ಒಂದು ಬೇಸಾಯ ಮಾಡದವರಿಗೆ, ಒಂದು ಬೇಸಾಯದವರಿಗೆ, ಮೂರನೆಯದು ಮೇಘಾಲಯಕ್ಕೆ. ನಮ್ಮ ವಿಭಾಗದಲ್ಲಿ ಇದನ್ನು ಮುಂದಿಟ್ಟುಕೊಂಡು ಕೂತಾಗ ಮುಂಬೈಯವರು ಸಂಬಳದ ಸ್ಲಿಪ್ಪು, ಕ್ರೆಡಿಟ್ ಕಾರ್ಡು, ಫ್ಲ್ಯಾಟಿನ ಲೋನು ಅಂತ ಶುರು ಮಾಡಿದರು. ಧಾರವಾಡದ ಸದಸ್ಯರು ನಮ್ಮಲ್ಲಿ ಪಹಣಿಯಲ್ಲಿ ಅಪ್ಪನ ಹೆಸರೇ ಇರುತ್ತದೆ, ಮಗನ ಆದಾಯ ತೋರಿಸೋದು ಹೇಗೆ ಅಂದರು. ಅಷ್ಟರಲ್ಲಿ ಪಣಜಿಯ ಸದಸ್ಯೆ ಕೈ ಎತ್ತಿ ಎಲ್ಲರ ಬಾಯಿ ಮುಚ್ಚಿಸಿದರು.

ಅವರು ಹೇಳಿದ್ದು ಇಷ್ಟು. ಗೋವಾದಲ್ಲಿ ಇವತ್ತಿಗೂ 1867ರ ಪೋರ್ಚುಗೀಸ್ ಸಿವಿಲ್ ಕೋಡಿನ ಕೌಟುಂಬಿಕ ಭಾಗ ನಡೆಯುತ್ತಿದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಒಂದಾಗುತ್ತದೆ. ಇಬ್ಬರಿಗೂ ಅರ್ಧರ್ಧ. ಒಬ್ಬರ ಸಹಿ ಇಲ್ಲದೆ ಇನ್ನೊಬ್ಬರು ಮನೆ ಮಾರುವ ಹಾಗಿಲ್ಲ. ಹೀಗಿರುವಾಗ ‘ನಿಮ್ಮ ಹೆಸರಿನಲ್ಲಿರುವ ಸ್ಥಿರಾಸ್ತಿ’ ಅನ್ನುವ ಕಾಲಮ್ಮಿನಲ್ಲಿ ಏನು ತುಂಬೋದು? ಮೇಘಾಲಯಕ್ಕೆ ಬೇರೆ ನಮೂನೆ ಕೊಟ್ಟವರು ಗೋವಾಕ್ಕೆ ಕೊಟ್ಟಿಲ್ಲ. ಜೊತೆಗೆ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಗೋವಾದ ನಿವಾಸಿಗಳ ಆಸ್ತಿ ಮುಂಬೈಯಲ್ಲಿದ್ದರೂ ವಾರಸಿಕೆಗೆ ಅದೇ ಕೋಡು ಅನ್ವಯಿಸುತ್ತದೆ ಅಂತ. ಅಂದರೆ ಇದು ಪಣಜಿಯವರ ತಲೆನೋವು ಮಾತ್ರ ಅಲ್ಲ, ದಾದರಿನ ಫ್ಲ್ಯಾಟಿಗೂ ಬಂತು. ಆವತ್ತಿನ ಮಾತಿನಿಂದ ಒಂದು ಚಿಕ್ಕ ಟಿಪ್ಪಣಿ ತಯಾರಾಯಿತು. ನಾನು ಮಾಡಿದ್ದು ಅಜೆಂಡಾ ಕಳಿಸಿದ್ದು, ಆಮೇಲೆ ಬರೆದುಕೊಡಿ ಬರೆದುಕೊಡಿ ಅಂತ ಬೆನ್ನು ಹತ್ತಿದ್ದು. ನಿಮ್ಮ ಕೆಲಸದ ಮುಕ್ಕಾಲು ಪಾಲು ಈ ಬೆನ್ನು ಹತ್ತುವುದೇ.

ವಾಟ್ಸಾಪ್ ಗ್ರೂಪಿನ ಬಗ್ಗೆ ಹುಷಾರು. ನಮ್ಮ ವಿಭಾಗದ ವಿಚಿತ್ರ ಏನೆಂದರೆ ಗಂಡನ ವಕೀಲರೂ ಹೆಂಡತಿಯ ವಕೀಲರೂ ಒಂದೇ ಗ್ರೂಪಿನಲ್ಲಿರುತ್ತಾರೆ! ‘ಒಂದು ಮ್ಯಾಟರಿನಲ್ಲಿ ಕ್ಲೈಂಟ್ ಬಂಗಾರ ಬಚ್ಚಿಟ್ಟಿದ್ದಾನೆ, ಏನು ಮಾಡಲಿ’ ಅಂತ ಯಾರೋ ಕೇಳುತ್ತಾರೆ, ಎದುರು ಪಕ್ಷದವರು ಓದಿ ನಗುತ್ತಿರುತ್ತಾರೆ. ಕಕ್ಷಿದಾರರು ವಕೀಲರಿಗೆ ಹೇಳಿದ್ದನ್ನು ಹೊರಗೆ ಹಾಕಬಾರದು ಅನ್ನುವುದು ಹೊಸ ಸಾಕ್ಷ್ಯ ಕಾಯ್ದೆಯ 132ನೇ ಕಲಂನಲ್ಲೂ ಇದೆ. ನಡೆಯುತ್ತಿರುವ ಕೇಸು ಗ್ರೂಪಿಗೆ ಬೇಡ ಅಂತ ಕಟ್ಟುನಿಟ್ಟು ಮಾಡಿ. ಕಾನೂನಿನ ಪ್ರಶ್ನೆ ಕೇಳಲಿ, ಕಥೆ ಹೇಳುವುದು ಬೇಡ.

ಸಭೆಗೆ ಎರಡನೇ ಶನಿವಾರ ಇಟ್ಟುಕೊಳ್ಳಿ, ಕೋರ್ಟಿಗೆ ರಜೆ. ಮೇ ತಿಂಗಳು, ಗಣಪತಿ, ಕ್ರಿಸ್‌ಮಸ್ ಹತ್ತಿರ ಏನೂ ಇಡಬೇಡಿ. ದುಡ್ಡು ಮುಖ್ಯ ಸಂಘದ ಖಾತೆಯಲ್ಲೇ ಇರಲಿ. ನಿಮ್ಮ ಸ್ವಂತ ಖಾತೆಗೆ ಒಂದು ಪೈಸೆಯನ್ನೂ ತರಿಸಿಕೊಳ್ಳಬೇಡಿ, ಊಟದ ಬಿಲ್ಲಿಗೂ ಅಷ್ಟೇ. ಪ್ರಾಯೋಜಕರು ಬಂದರೆ ಮುಖ್ಯ ಸಂಘಕ್ಕೆ ಕಳಿಸಿಬಿಡಿ. ನಮಗೊಮ್ಮೆ ವಧೂವರರ ಜೋಡಿ ಹೊಂದಿಸುವ ಕಂಪನಿಯೊಂದು ವಿಚ್ಛೇದನದ ಸೆಮಿನಾರಿಗೆ ಊಟ ಹಾಕಿಸುತ್ತೇವೆ ಅಂದಿತ್ತು. ಬೇಡ ಅಂದೆವು. ಊಟ ಚೆನ್ನಾಗಿರುತ್ತಿತ್ತೇನೋ.

ಒಪ್ಪಿಕೊಳ್ಳಿ. ಆದರೆ ಬೈಲಾದಲ್ಲಿ ಸಂಚಾಲಕರ ಅವಧಿ ಎಷ್ಟು ಅಂತ ಮೊದಲೇ ನೋಡಿಕೊಳ್ಳಿ. ಅವಧಿ ಬರೆದಿಲ್ಲದಿದ್ದರೆ ಬರೆಸಿ ಸಹಿ ಹಾಕಿ.

ಪ್ರಶ್ನೆ: ಬಾರ್ ಕೌನ್ಸಿಲ್ ಇದ್ದೇ ಇದೆ. ಮತ್ತೆ ಈ ಸಂಘ, ವಿಭಾಗ ಎಲ್ಲ ಯಾಕೆ? ಸುಮ್ನೆ ಚಂದಾ ದಂಡ ಅಲ್ವಾ? (ಠಾಣೆಯ ಒಬ್ಬ ಜೂನಿಯರ್ ವಕೀಲ)

ಉತ್ತರ: ಬಾರ್ ಕೌನ್ಸಿಲ್ 1961ರ ವಕೀಲರ ಕಾಯ್ದೆಯಿಂದ ಬಂದದ್ದು. ಸನದು ಕೊಡುವುದು, ಶಿಸ್ತು ಕ್ರಮ ತೆಗೆದುಕೊಳ್ಳುವುದು ಅದರ ಕೆಲಸ. ನಮ್ಮ ಮಹಾರಾಷ್ಟ್ರಕ್ಕೂ ಗೋವಾಕ್ಕೂ ಸೇರಿ ಒಂದೇ ರಾಜ್ಯ ಕೌನ್ಸಿಲ್. ಸಂಘ ಇಷ್ಟ ಇದ್ದವರು ಸೇರುವಂಥದ್ದು. 2024ರ ಜುಲೈ 1ಕ್ಕೆ ಹೊಸ ಕ್ರಿಮಿನಲ್ ಕಾನೂನು ಬಂದು ಜೀವನಾಂಶದ 125ನೇ ಕಲಂ 144 ಆಯಿತಲ್ಲ? ಆವತ್ತು ಹಳೆಯ ಅರ್ಜಿ ನಮೂನೆ ತಿದ್ದಿ ಕೊಟ್ಟದ್ದು ನಮ್ಮ ವಿಭಾಗದ ಇಬ್ಬರು ಜೂನಿಯರುಗಳು. ನಿಮ್ಮಂಥವರೇ. ಒಂದು ವರ್ಷ ಸೇರಿ ನೋಡಿ, ಉಪಯೋಗ ಕಾಣದಿದ್ದರೆ ಚಂದಾ ನಿಲ್ಲಿಸಿ.

ಪ್ರಶ್ನೆ: ನನ್ನ ತಂಗಿಗೆ ಮುಂಬೈಯಲ್ಲಿ ವಿಚ್ಛೇದನದ ಕೇಸಿದೆ. ನಿಮ್ಮ ವಿಭಾಗದ ಪಟ್ಟಿಯಿಂದ ಒಳ್ಳೆಯ ಕನ್ನಡ ವಕೀಲರ ಹೆಸರು ಕೊಡುತ್ತೀರಾ? (ಡೊಂಬಿವಲಿಯ ಓದುಗರು)

ಉತ್ತರ: ಕೊಡಲಾರೆ, ಕ್ಷಮಿಸಿ. ಸದಸ್ಯರ ಪಟ್ಟಿಯಿಂದ ಹೆಸರು ಹಂಚಲು ಶುರು ಮಾಡಿದರೆ ವಿಭಾಗ ಗಿರಾಕಿ ಹಿಡಿಯುವ ಅಂಗಡಿ ಆಗುತ್ತದೆ. ಆದರೆ ದಾರಿ ಇದೆ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಅದರ ಸಹಾಯವಾಣಿ 15100ಕ್ಕೆ ಫೋನ್ ಮಾಡಲಿ. ಇನ್ನೊಂದು ಮಾತು. ಫ್ಯಾಮಿಲಿ ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಫ್ಯಾಮಿಲಿ ಕೋರ್ಟು ಕಾಯ್ದೆಯ 13ನೇ ಕಲಂ ಹಾಗೇ ಇದೆ. ಸಾಮಾನ್ಯವಾಗಿ ಕೋರ್ಟು ಅನುಮತಿ ಕೊಡುತ್ತದೆ, ಆದರೂ ಮೊದಲ ತಾರೀಖಿಗೆ ತಂಗಿ ತಾವೇ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕೋರ್ಟಿಗೆ ಹೋಗಲಿ. ಮದುವೆ ಊರಲ್ಲಾಗಿ ಕಾಗದಪತ್ರ ಕನ್ನಡದಲ್ಲಿದ್ದರೆ ಈಗಲೇ ಅನುವಾದ ಮಾಡಿಸಿ ಇಟ್ಟುಕೊಳ್ಳಲು ಹೇಳಿ.