ಮೌಸ್ ಇಟ್ಟರೆ ತೆರೆಯುವ ಮೆನು ಮೊಬೈಲಿನಲ್ಲಿ ಏನಾಗುತ್ತದೆ?

ಪ್ರಶ್ನೆ: ಚಿಕ್ಕಬಳ್ಳಾಪುರದ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಅದಕ್ಕೆ ನಾನೇ ವೆಬ್‌ಸೈಟ್ ಮಾಡುತ್ತಿದ್ದೇನೆ. ಎಲ್ಲ ಮಾಹಿತಿಯೂ ಒಂದೇ ಪುಟದಲ್ಲಿದೆ. ಮೆನು ಒತ್ತಿದರೆ ಪುಟ ಥಟ್ಟನೆ ಹಾರುತ್ತದೆ, ಅದು ಮೆಲ್ಲಗೆ ಜಾರಬೇಕು. ‘ನೋಡುವ ಜಾಗಗಳು’ ಮೇಲೆ ಮೌಸ್ ಇಟ್ಟರೆ ನಂದಿ ಬೆಟ್ಟ, ಭೋಗನಂದೀಶ್ವರ ದೇವಸ್ಥಾನ, ಸ್ಕಂದಗಿರಿ ಎಂಬ ಪಟ್ಟಿ ತೆರೆಯಬೇಕು. ಇದಕ್ಕೆ ಜೆಕ್ವೆರಿ (ಜಾವಾಸ್ಕ್ರಿಪ್ಟ್‌ನ ಸಿದ್ಧ ಕೋಡ್ ಸಂಗ್ರಹ) ಕಲಿಯಲೇಬೇಕಾ?

ಉತ್ತರ: ಬೇಡ. ಮೊದಲನೆಯದು ಒಂದೇ ಸಾಲಿನ ಕೆಲಸ. ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಎಚ್‌ಟಿಎಂಎಲ್ ಟ್ಯಾಗ್‌ಗೆ ‘ಸ್ಕ್ರೋಲ್-ಬಿಹೇವಿಯರ್: ಸ್ಮೂತ್’ ಎಂದು ಬರೆಯಿರಿ. ಸಫಾರಿ ಮಾತ್ರ 2022ರವರೆಗೆ ಕಾಯಿಸಿತು. ಈಗ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ನಡೆಯುತ್ತದೆ. ಮೆನು ಪಟ್ಟಿ ಪುಟದ ಮೇಲ್ಭಾಗದಲ್ಲಿ ಅಂಟಿಕೊಂಡೇ ಇದ್ದರೆ, ಜಾರಿ ಬಂದ ತಲೆಬರಹ ಅದರ ಕೆಳಗೆ ಮುಚ್ಚಿಹೋಗುತ್ತದೆ. ‘ಸ್ಕ್ರೋಲ್-ಪ್ಯಾಡಿಂಗ್-ಟಾಪ್’ಗೆ ಮೆನುವಿನ ಎತ್ತರದಷ್ಟೇ ಅಳತೆ ಕೊಡಿ, ಸರಿಹೋಗುತ್ತದೆ.

ಪರದೆ ಓಡಾಡಿದರೆ ಕೆಲವರಿಗೆ ನಿಜಕ್ಕೂ ತಲೆ ಸುತ್ತುತ್ತದೆ. ಅಂಥವರು ಫೋನಿನ ಸೆಟ್ಟಿಂಗ್‌ನಲ್ಲಿ ಚಲನೆ ಕಡಿಮೆ ಮಾಡಿಕೊಂಡಿರುತ್ತಾರೆ. ಅವರಿಗೆ ಈ ಜಾರಾಟ ಬರಬಾರದು. ಅದಕ್ಕೆ ಮೊದಲ ಸಾಲನ್ನು ‘ಪ್ರಿಫರ್ಸ್-ರೆಡ್ಯೂಸ್ಡ್-ಮೋಷನ್: ನೋ-ಪ್ರಿಫರೆನ್ಸ್’ ಎಂಬ ಮೀಡಿಯಾ ಕ್ವೆರಿಯ, ಅಂದರೆ ಷರತ್ತು ಹೊಂದಿದರಷ್ಟೇ ಅನ್ವಯಿಸುವ ಸಿಎಸ್‌ಎಸ್ ಭಾಗದ, ಒಳಗಿಡಿ. ದಯವಿಟ್ಟು ಇದನ್ನು ಬಿಡಬೇಡಿ.

ಮೆನು ವಿಷಯಕ್ಕೆ ಸ್ವಲ್ಪ ಯೋಚಿಸಬೇಕು. ನಂದಿ ಬೆಟ್ಟಕ್ಕೆ ಹೊರಟವರು ನಿಮ್ಮ ಪುಟವನ್ನು ನೋಡುವುದು ದಾರಿಯಲ್ಲಿ, ಫೋನಿನಲ್ಲಿ ಅಲ್ವಾ? ಬೆರಳಿಗೆ ‘ಮೇಲೆ ಇಡುವುದು’ ಎಂಬುದೇ ಇಲ್ಲ, ಒತ್ತುವುದಷ್ಟೇ. ಹಾಗಾಗಿ ‘ನೋಡುವ ಜಾಗಗಳು’ ಎಂಬುದನ್ನು ಲಿಂಕ್ ಮಾಡದೆ ಬಟನ್ ಮಾಡಿ. ಒತ್ತಿದರೆ ತೆರೆಯಲಿ, ಮತ್ತೆ ಒತ್ತಿದರೆ ಮುಚ್ಚಲಿ. ನಾಲ್ಕಾರು ಸಾಲು ಸಾದಾ ಜಾವಾಸ್ಕ್ರಿಪ್ಟ್ ಸಾಕು. ಬಟನ್ ಆದ್ದರಿಂದ ಕೀಬೋರ್ಡಿನ ಟ್ಯಾಬ್, ಎಂಟರ್ ಕೂಡ ತಾನಾಗೇ ಕೆಲಸ ಮಾಡುತ್ತವೆ. ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಬಟನ್‌ನ ‘ಏರಿಯಾ-ಎಕ್ಸ್‌ಪ್ಯಾಂಡೆಡ್’ (aria-expanded) ಎಂಬ ಗುಣಲಕ್ಷಣದಲ್ಲಿ ಬದಲಿಸುತ್ತಿರಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ.

ನನ್ನನ್ನು ಕೇಳಿದರೆ, ಮೂರೇ ಜಾಗಗಳ ಪಟ್ಟಿಗೆ ಇಷ್ಟೇ ಸಾಕು. ಮೌಸ್ ಇಟ್ಟಾಗ ಬಣ್ಣ ಬದಲಾಗಲಿ. ಪಟ್ಟಿಯೂ ತೆರೆಯಲೇಬೇಕು ಅಂದರೆ, ಆ ನಿಯಮವನ್ನು ‘ಹೋವರ್: ಹೋವರ್’ ಮೀಡಿಯಾ ಕ್ವೆರಿಯೊಳಗೆ ಬರೆಯಿರಿ. ಆಗ ಅದು ಮುಖ್ಯವಾಗಿ ಮೌಸ್ ಬಳಸುವ ಸಾಧನಗಳಿಗಷ್ಟೇ ಅನ್ವಯಿಸುತ್ತದೆ. ಬಟನ್‌ಗೂ ಪಟ್ಟಿಗೂ ನಡುವೆ ಮಾರ್ಜಿನ್ (ಹೊರಗಿನ ಖಾಲಿ ಜಾಗ) ಬಿಡಬೇಡಿ. ಮೌಸ್ ಆ ಸಂದಿ ದಾಟುವಾಗಲೇ ಪಟ್ಟಿ ಮಾಯವಾಗುತ್ತದೆ, ಸ್ಕಂದಗಿರಿ ಕೈಗೇ ಸಿಗುವುದಿಲ್ಲ. ಜಾಗ ಬೇಕಿದ್ದರೆ ಪಟ್ಟಿಯ ಒಳಗೇ ಪ್ಯಾಡಿಂಗ್ ಕೊಡಿ. ಎಸ್ಕೇಪ್ ಒತ್ತಿದರೆ ಪಟ್ಟಿ ಮುಚ್ಚುವಂತೆಯೂ ಮಾಡಿ.